ಮೇ, ಮೈಟ್, ಕಾಂಟ್
ಡಿಗ್ರಿ ಓದುವಾಗ ನಾನು ಭತ್ತ ನಾಟಿ ಮಾಡುವವರ ಊರಾದ ದೇಶನೂರಿನಿಂದ ಬಳ್ಳಾರಿಗೆ ಬಂದು, ಸತ್ಯನಾರಾಯಣಪೇಟೆಯ ಒಂದು ಮನೆಯ ಮಹಡಿಯಲ್ಲಿ ಇಂಗ್ಲಿಷ್ ಟ್ಯೂಷನ್ನಿಗೆ ಹೋಗುತ್ತಿದ್ದೆ. ಅಲ್ಲಿನ ಸರ್ ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಇವತ್ತಿಗೂ ಇಲ್ಲವೆನ್ನುವುದಿಲ್ಲ. ನಾವು 'ಬಹುದು' ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಇಂಗ್ಲಿಷಿನಲ್ಲಿ ಅಳೆದು ಹೇಳುತ್ತಾರೆ ಎಂದು ಒಂದು ದಿನ ವಿವರಿಸಿದರು. ಆಗುವ ಸಂಭವವಿದ್ದರೆ ಮೇ, ಅನುಮಾನ ಹೆಚ್ಚಿದ್ದರೆ ಮೈಟ್, ಸಾಧ್ಯವೇ ಇಲ್ಲದಿದ್ದರೆ ಕಾಂಟ್.

ಉದಾಹರಣೆಗೆ ನಮ್ಮನ್ನೇ ಎಬ್ಬಿಸಿ ನಿಲ್ಲಿಸಿದರು. ವಕೀಲರ ಮಗಳು ಪಾಸಾಗಬಹುದು, ಅವಳಿಗೆ ಮೇ. ಬಟ್ಟೆ ಅಂಗಡಿಯವರ ಮಗನಿಗೆ ಮೈಟ್. ನನಗೂ ಬೋರ್ಡಿನ ಮೇಲೆ ಮೈಟ್ ಎಂದು ಬರೆದವರು ಅದನ್ನು ಒರೆಸಿ, ಕಾಂಟ್ ಎಂದು ಬರೆದರು.

"ನೀ ಭತ್ತ ಹಚ್ಚಾಕ ಹೋಗವ್ವಾ. ಇದು ನಿನ್ನ ತಲಿಗೆ ಹತ್ತಂಗಿಲ್ಲ."

ಎಲ್ಲರೂ ನಕ್ಕರು. ನಾನು ಮರುದಿನದಿಂದ ಹೋಗಲಿಲ್ಲ. ಆ ಮುಖವನ್ನು ಮಾತ್ರ ಮರೆಯಲಿಲ್ಲ.

ಹದಿನಾಲ್ಕು ವರ್ಷಗಳ ನಂತರ, ಕುರುಗೋಡಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದಾಗ, ಖಾಲಿ ಇದ್ದ ಹುದ್ದೆಗೆ ಅವರೇ ಸಂದರ್ಶನಕ್ಕೆ ಬಂದರು. ಟ್ಯೂಷನ್ ಮುಚ್ಚಿತ್ತು. ಕೂದಲು ನೆರೆತಿತ್ತು. ನನ್ನ ಗುರುತು ಅವರಿಗೆ ಹತ್ತಲಿಲ್ಲ.

ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿ ತೋರಿಸಬೇಕಿತ್ತು. "ಮೇ, ಮೈಟ್, ಕಾಂಟ್ ಹೇಳಿಕೊಡಿ" ಎಂದು ವಿಷಯ ಕೊಟ್ಟವಳು ನಾನೇ. ಅವರು ಯಾರನ್ನಾದರೂ ಎಬ್ಬಿಸಿ ಹೀಯಾಳಿಸಲಿ ಎಂದು ಕಾಯುತ್ತ ಕುಳಿತೆ. ಅವರು ಯಾರನ್ನೂ ನೋಯಿಸಲಿಲ್ಲ. ಬಾರದ ಬಸ್ಸು, ಮೋಡ, ಬೀಗ ಹಾಕಿದ ಮನೆ ಎಂದು ಉದಾಹರಣೆ ಕೊಡುತ್ತ ಹಿಂದಿನ ಬೆಂಚಿನ ಹುಡುಗಿಯರಿಗೂ ತಿಳಿಯುವಂತೆ ಹೇಳಿದರು. ಇದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಅಂದರೆ ಇವರಿಗೆ ಹೀಗೂ ಕಲಿಸಲು ಬರುತ್ತಿತ್ತು. ಅವರಿಗೆ ಅತಿ ಕಡಿಮೆ ಅಂಕ ಹಾಕಿದೆ.

ಹೊರಗೆ ವರಾಂಡದಲ್ಲಿ ಕೈಮುಗಿದು ಕೇಳಿದರು: "ಕೆಲಸ ಆಗಬೌದೇನ್ರಿ ಮೇಡಂ?"

"ಆಗಬೌದ್ರಿ ಸರ್," ಎಂದೆ.

ಮೂರು ವಾರ ಅವರು ಆಫೀಸಿಗೆ ಫೋನು ಮಾಡಿದರು. ಬೇರೆಯವರನ್ನು ಆರಿಸಿಯಾಗಿತ್ತು. ಆದರೂ "ಆಗಬಹುದು" ಎಂದೇ ಹೇಳುವಂತೆ ಗುಮಾಸ್ತರಿಗೆ ತಿಳಿಸಿದ್ದೆ. ಫೋನು ಬಂತೆಂದು ಗೊತ್ತಾದ ದಿನ ಊಟ ರುಚಿಸುತ್ತಿತ್ತು.

ಮುಂದಿನ ವರ್ಷ ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ರಾರಾವಿಯ ಸಣ್ಣದೊಂದು ಶಾಲೆಯಲ್ಲಿ ಕಲಿಸುತ್ತಿದ್ದರು.

"ಅವತ್ತು ನನ್ನ ಪಾಠದಾಗ ಏನು ತಪ್ಪಿತ್ರಿ? ಮನಸ್ಸಿನ್ಯಾಗ ಉಳದೈತಿ, ಅದಕ್ಕ ಕೇಳಿದೆ."

"ತಪ್ಪೇನೂ ಇರಲಿಲ್ಲ. ಸತ್ಯನಾರಾಯಣಪೇಟೆಯೊಳಗ ನಾ ನಿಮ್ಮ ಹತ್ರ ಕಲಿಯಾಕ ಬರ್ತಿದ್ದೆ. ಬೋರ್ಡಿನ ಮ್ಯಾಲೆ ನನಗ ಕಾಂಟ್ ಅಂತ ಬರದ್ರಿ. ಭತ್ತ ಹಚ್ಚಾಕ ಹೋಗು ಅಂದ್ರಿ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಒದ್ದಾಡಿದರು.

"ಬರೆದಿರಬೌದ್ರಿ," ಎಂದರು ಕೊನೆಗೆ.

"'ಇರಬೌದು' ಅಲ್ರಿ. ಬರದ್ರಿ."

ರಾರಾವಿಯ ಬಸ್ಸು ಬಂತು. ಅವರು ಚೀಲವನ್ನು ಎದೆಗೆ ಒತ್ತಿಕೊಂಡು ಜನರ ನಡುವೆ ಹತ್ತಿ ಹೋದರು. ಕ್ಷಮೆ ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಅವರಿಗೆ ನೆನಪೇ ಇರಲಿಲ್ಲವಲ್ಲ ಎಂಬುದೊಂದೇ ಸಂಕಟ.