ಅರ್ಧದಲ್ಲಿ ನಿಂತ ಕೈಗಳು

ವಿಲ್ಕಾನಿಯಾ ಊರಿನಾಚೆಯ ಕೆಂಪು ಮಣ್ಣಿನ ಸೀಮೆಯಲ್ಲಿ ಲಿಯೋನಿ ಪ್ರೌಸ್‌ಳ ಹೆಸರು ಕೇಳದ ಕುರಿ ಫಾರ್ಮ್ ಇರಲಿಲ್ಲ. ಅವಳು ಬೇಲಿ ಹಾಕುವವಳು. ಎಳವೆಯಲ್ಲಿ ಬಂದ ಮಿದುಳು ಜ್ವರ ಅವಳ ಎರಡೂ ಕಿವಿಗಳನ್ನು ಕಿತ್ತುಕೊಂಡು ಹೋಗಿತ್ತು. ನಾಲ್ಕು ಗೋಡೆಯ ನಡುವೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಬೇಲಿ ಮುಗಿಯುವ ಮೊದಲೇ ಮುಂದಿನದಕ್ಕೆ ಕೈ ತುರಿಸುತ್ತಿತ್ತು. ವರ್ಷದ ಬಹುಭಾಗ ಡೇರೆಯಲ್ಲೇ ವಾಸ, ಜೊತೆಗೆ ಕೆಲಸದಾಳು ಟ್ರೆವ್. ಅವನಿಗೆ ಬರುತ್ತಿದ್ದ ಸನ್ನೆಗಳೆಂದರೆ ತಂತಿ, ಸುತ್ತಿಗೆ, ಟೀ, ಹಾವು. ಉಳಿದದ್ದನ್ನು ಅವನ ತುಟಿ ನೋಡಿ ಅವಳೇ ತಿಳಿದುಕೊಳ್ಳಬೇಕಿತ್ತು.

ಮನಸ್ಸು ಬಿಚ್ಚಿ ಮಾತಾಡಲು ಅಡಿಲೇಡ್‌ನಲ್ಲಿ ಅಕ್ಕ ಗ್ವೆಂಡಾ ಇದ್ದಳು. ಕಿವಿ ಕೇಳುವ ಅಕ್ಕ ತಂಗಿಗೋಸ್ಕರ ಚಿಕ್ಕಂದಿನಲ್ಲೇ ಸನ್ನೆ ಭಾಷೆ ಕಲಿತಿದ್ದಳು. ಅಮ್ಮ ಕಲಿಯಲಿಲ್ಲ. ಸನ್ನೆ ರೂಢಿಯಾದರೆ ಮಗು ಬಾಯೇ ತೆರೆಯುವುದಿಲ್ಲ ಎಂದು ಯಾರೋ ಮೇಷ್ಟ್ರು ಹೇಳಿದ್ದನ್ನೇ ಹಿಡಿದು ಕೂತುಬಿಟ್ಟಳು. ಅಮ್ಮ ಮಗಳ ನಡುವಿನ ಮಾತೆಲ್ಲ ಗ್ವೆಂಡಾಳ ಕೈ ಹಾದೇ ಬರುತ್ತಿತ್ತು, ಹೋಗುತ್ತಿತ್ತು.

ಬೇರೆಯವರಾದರೆ ಒಂದು ಗೆರೆ ಸಿಗ್ನಲ್ ಇದ್ದರೂ ಫೋನಿನಲ್ಲಿ ನಾಲ್ಕು ಮಾತಾಡಬಹುದು. ಲಿಯೋನಿಗೆ ಚಿತ್ರ ಓಡಬೇಕು, ಕೈ ಕಾಣಬೇಕು. ಅದಕ್ಕೇ ಗಾಡಿಯ ನೆತ್ತಿಗೆ ಆಂಟೆನಾ ನಿಲ್ಲಿಸಿ, ಸೀಟಿನ ಪಕ್ಕ ಹಾಟ್‌ಸ್ಪಾಟ್ ಡಬ್ಬಿ ಇಟ್ಟುಕೊಂಡಿದ್ದಳು.

ಆ ಭಾನುವಾರ ಬೆಳಿಗ್ಗೆ ಗ್ವೆಂಡಾ ಕರೆ ಮಾಡಿದಾಗ ಅವಳ ಕಣ್ಣುಗಳು ಅತ್ತಂತೆ ಕೆಂಪಗಿದ್ದವು. "ಅಮ್ಮ" ಎಂದು ಸನ್ನೆ ಮಾಡಿ ಎರಡೂ ಕೈ ಎತ್ತಿದಳು. ಕೈಗಳು ಹಾಗೇ ನಿಂತವು. ಚಿತ್ರ ಕಲ್ಲಾಯಿತು, ಆಮೇಲೆ ಕರೆಯೇ ಕಡಿದುಹೋಯಿತು.

'ಅಮ್ಮನಿಗೆ ಏನಾಯ್ತು?' ಎಂದು ಲಿಯೋನಿ ಮೆಸೇಜ್ ಕಳಿಸಿದಳು. ಎಷ್ಟೋ ಹೊತ್ತಿಗೆ ಉತ್ತರ ತೆವಳಿಕೊಂಡು ಬಂತು. 'ಗಾಬರಿ ಆಗ್ಬೇಡ. ಇದು ಬರೆದು ಹೇಳೋ ವಿಷಯ ಅಲ್ಲ. ಮುಖ ನೋಡ್ಬೇಕು.'

ಗಾಬರಿ ಆಗಬೇಡ ಎಂದದ್ದೇ ಅವಳ ಗಾಬರಿಗೆ ಸಾಕಾಯಿತು. ಗಾಡಿಯನ್ನು ದಿಬ್ಬಕ್ಕೆ ಹತ್ತಿಸಿದಳು, ಇಳಿಸಿದಳು, ಮುಖ ತಿರುಗಿಸಿ ನಿಲ್ಲಿಸಿದಳು. ಡಬ್ಬಿಯ ದೀಪ ಹಸಿರಾಗಲೊಲ್ಲದು. ಕೊನೆಗೆ ಫೋನ್ ಕಚ್ಚಿಕೊಂಡು ನೀರಿನ ಟ್ಯಾಂಕಿನ ಏಣಿ ಹತ್ತಿದಳು.

ಕೆಳಗಿಂದ ಟ್ರೆವ್ ಎರಡೂ ಕೈ ಬೀಸಿ ಅವಳ ಗಮನ ಸೆಳೆದ. "ಇನ್ನೂ ಮೇಲಕ್ಕೆ ಹೋದ್ರೆ ಸ್ವರ್ಗದ ಸಿಗ್ನಲ್ಲೇ ಸಿಗುತ್ತೆ ಬಾಸ್! ಇಳಿ. ನದಿ ಹತ್ರ ಕ್ಯಾರವಾನ್‌ನೋರು ಬಂದಿದಾರೆ, ಮಾರುದ್ದದ ಆಂಟೆನಾ ಇದೆ."

ಅವನ ಮಾತು ಮುಗಿಯುವಷ್ಟರಲ್ಲಿ ಅವಳು ಸ್ಟೀರಿಂಗ್ ಹಿಡಿದಿದ್ದಳು.

ಮನೆಯಂತಿದ್ದ ಆ ಕ್ಯಾರವಾನ್ ಗಾಡಿ ಡೆಸ್ ಮತ್ತು ನೋಲಾ ಎಂಬ ವಯಸ್ಸಾದ ಗಂಡ ಹೆಂಡಿರದು. ಟ್ರೆವ್ ವಿಷಯ ಹೇಳಿದ. ನೋಲಾ ಲಿಯೋನಿಯ ಮುಖದ ಹತ್ತಿರ ಬಂದು ಬಾಯಿ ಅಗಲಿಸಿ ಕಿರುಚಿದಳು, "ನೀ-ರು ಬೇ-ಕಾ?"

"ಕಿರುಚಬೇಡಿ ಅಮ್ಮಾ, ಸುಮ್ನೆ ಮಾತಾಡಿ. ನಿಮ್ಮ ತುಟಿ ನೋಡಿದ್ರೆ ಅವಳಿಗೆ ಗೊತ್ತಾಗುತ್ತೆ," ಎಂದ ಟ್ರೆವ್.

ಡೆಸ್ ಗೊಣಗಿದ. "ಉಳಿದಿರೋ ಚೂರು ಡೇಟಾನ ಕ್ರಿಕೆಟ್‌ಗೆ ಅಂತ ಇಟ್ಟಿದೀನಲ್ಲ ನಾನು."

"ನಿನ್ನ ಕ್ರಿಕೆಟ್‌ಗೆ ಬೆಂಕಿ ಬೀಳ! ಹುಡುಗಿ ನಡುಗ್ತಾ ಇರೋದು ಕಾಣಲ್ವಾ?" ಎಂದು ನೋಲಾ ತಾನೇ ಪಾಸ್‌ವರ್ಡ್ ಹಾಕಿಕೊಟ್ಟಳು.

ಚಿತ್ರ ಬಂತು. ಗ್ವೆಂಡಾ ಪಕ್ಕಕ್ಕೆ ಸರಿದಳು. ಅವಳ ಜಾಗದಲ್ಲಿ ಅಮ್ಮ, ತಲೆ ಬಾಚಿಕೊಂಡು, ಪರೀಕ್ಷೆಗೆ ಕೂತ ಹಾಗೆ ಕೂತಿದ್ದಳು. ಗಂಟುಗಂಟಾದ ಬೆರಳುಗಳನ್ನು ಎತ್ತಿ ಒಂದೊಂದೇ ಸನ್ನೆ ಮಾಡಿದಳು. "ಲಿಯೋನಿ. ನಾನು. ಅಮ್ಮ. ಬಿಸಿಲಲ್ಲಿ ತಲೆಗೆ ಕೋಳಿ ಹಾಕ್ಕೊಳ್ತೀಯಾ?"

"ಟೋಪಿ!" ಎಂದು ಗ್ವೆಂಡಾ ಪಕ್ಕದಿಂದ ಸನ್ನೆ ತಿದ್ದಿದಳು. "ಲೈಬ್ರರಿಯಲ್ಲಿ ಸನ್ನೆ ಕ್ಲಾಸಿಗೆ ಹೋಗ್ತಿದಾಳೆ. ನಂಗೂ ಹೇಳಿರ್ಲಿಲ್ಲ. ಇವತ್ತು ಬೆಳಿಗ್ಗೆ ಮಾಡಿ ತೋರಿಸಿದ್ಲು, ಅಳು ತಡೆಯೋಕಾಗ್ಲಿಲ್ಲ."

ಲಿಯೋನಿಗೆ ನಗು ಬಂತು. ನಗುವಿನ ಬೆನ್ನಿಗೇ ಸಿಟ್ಟು ಎದ್ದು ಬಂತು. ಕೈಗಳು ತಾವಾಗಿ ಓಡಿದವು. "ಈಗ ನೆನಪಾಯ್ತಾ? ನಾನು ಪುಟ್ಟವಳಿದ್ದಾಗ ಎಲ್ಲಿ ಹೋಗಿದ್ದೆ? ನಿನ್ನ ಬಾಯಿ ನೋಡಿ ನೋಡಿ ನನ್ನ ಕಣ್ಣು ಸೋತುಹೋಯ್ತು!"

ಅಮ್ಮನಿಗೆ ಏನೂ ತಿಳಿಯಲಿಲ್ಲ. ಹಳೆಯ ಅಭ್ಯಾಸದಂತೆ ಗ್ವೆಂಡಾಳ ಕಡೆ ನೋಡಿದಳು. ಗ್ವೆಂಡಾ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಳು. ಆಮೇಲೆ ಒಂದನ್ನು ಬಿಡಿಸಿ ತಂಗಿಗೆ, "ನಾನು ಹೇಳಲ್ಲ. ನೀನೇ ಹೇಳು, ನಿಧಾನಕ್ಕೆ," ಎಂದಳು.

ನಿಧಾನ ಎಂಬುದು ಲಿಯೋನಿಯ ಜಾಯಮಾನವೇ ಅಲ್ಲ. ಅವಳು ಎದ್ದಳು, ಕ್ಯಾರವಾನ್ ಸುತ್ತ ಒಂದು ಸುತ್ತು ಹಾಕಿದಳು, ಮತ್ತೆ ಬಂದು ಕೂತಳು. ಒಂದೊಂದೇ ಸನ್ನೆಯನ್ನು ಬಿಡಿಸಿ ಇಟ್ಟಳು. "ಯಾಕೆ. ಇಷ್ಟು. ತಡ?"

ಅಮ್ಮನಿಗೆ ಈ ಸಲ ಅರ್ಥವಾಯಿತು. ಅಂಗೈಯಿಂದ ಎದೆ ಸವರಿ "ತಪ್ಪಾಯ್ತು" ಎಂದಳು. ಆ ಸನ್ನೆ ಮಾತ್ರ ಚೂರೂ ತಪ್ಪಿರಲಿಲ್ಲ.

ಮಾರನೇ ದಿನ ಲಿಯೋನಿ, ಜೀವನದಲ್ಲಿ ಮೊದಲ ಬಾರಿಗೆ, ಬೇಲಿಯನ್ನು ಅರ್ಧಕ್ಕೇ ಟ್ರೆವ್‌ನ ಕೈಗೆ ಬಿಟ್ಟು ಅಡಿಲೇಡ್ ದಾರಿ ಹಿಡಿದಳು. ಅಲ್ಲಿ ಅಮ್ಮ ಮನೆತುಂಬ ಅವಳ ಹಿಂದೆ ಹಿಂದೆ ಓಡಾಡಿ ಬಾಗಿಲು, ಬೆಕ್ಕು, ಕೆಟಲ್ ತೋರಿಸಿ ಸನ್ನೆ ಕೇಳಿದಳು. ಸಂಜೆಯ ಹೊತ್ತಿಗೆ ಲಿಯೋನಿಯ ತಾಳ್ಮೆ ಮುಗಿಯುತ್ತಿತ್ತು. ಅಂಗಳಕ್ಕೆ ಹೋಗಿ ಉಸಿರು ಬಿಟ್ಟು, ಒಳಗೆ ಬಂದು, ಇನ್ನೊಮ್ಮೆ ತೋರಿಸುತ್ತಿದ್ದಳು. ವಾರ ತುಂಬುವ ಮೊದಲೇ ಅವಳಿಗೆ ಆ ಗೋಡೆಗಳು ಸಾಕಾದವು. ಹೊರಡುವಾಗ ಅಮ್ಮ ತಡೆಯಲಿಲ್ಲ. ಗಾಡಿಯ ಕಿಟಕಿಗೆ ಬಗ್ಗಿ, ಬೆರಳು ಜೋಡಿಸಲು ಎರಡು ಸಲ ತಡವರಿಸಿ, ಕೇಳಿದಳು: "ಮತ್ತೆ ಯಾವಾಗ?"