ಅಜ್ಜಿಯ ಕಿವಿ, ನನ್ನ ಇಂಗ್ಲಿಷ್

“ಚೀಲ ತುಂಬಬ್ಯಾಡ್ರಿ, ನಿಲ್ರಿ!” ಕುಂದಗೋಳದ ಕಣದಲ್ಲಿ ಮೆಣಸಿನಕಾಯಿ ತುಂಬುತ್ತಿದ್ದವರನ್ನು ನನ್ನ ವಿದ್ಯಾರ್ಥಿನಿ ಸಲ್ಮಾಳ ಅಜ್ಜಿ ತಡೆದರು. ಅಲ್ಲೇ ಕುಳಿತು ನಾನು ಸಲ್ಮಾಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ: ಕ್ವೈಟ್ ಡ್ರೈ, ವೆರಿ ಡ್ರೈ, ಎಕ್ಸ್‌ಟ್ರೀಮ್ಲಿ ಡ್ರೈ, ಯಾವುದನ್ನು ಬರೆದರೂ ನಡೆಯುತ್ತದೆ ಎಂದು.

ಅಜ್ಜಿ ಕಣ್ಣು ಮುಚ್ಚಿ ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗಿನ ಬೀಜದ ಸದ್ದು ಕೇಳಿದರು. “ಇದು ಒಣಗೇತಿ. ಇದು ಭಾಳ ಒಣಗೇತಿ. ಅಗದಿ ಒಣಗಿದ್ದು ಒಂದೂ ಇಲ್ರಿ ಸರ್. ಈಗ ತುಂಬಿದ್ರ ಎಲ್ಲಾ ಬೂಸ್ಟು ಹಿಡಿತೈತಿ.”

ನನಗೆ ಎಲ್ಲವೂ ಒಂದೇ ಥರ ಗರಿಗರಿಯಾಗಿ ಕಂಡವು. ಅವರು ‘ಭಾಳ’ ಎಂದ ಕಾಯಿಯನ್ನೇ ಮುರಿದೆ. ತೊಟ್ಟಿನ ಬುಡದಲ್ಲಿ ಸಾಸಿವೆಯಷ್ಟು ತೇವವಿತ್ತು!

ಇಪ್ಪತ್ತು ವರ್ಷಗಳಿಂದ ಆ ಇಂಗ್ಲಿಷ್ ಪದಗಳನ್ನು ಕಲಿಸುತ್ತಿದ್ದೇನೆ. ಒಂದನ್ನಾದರೂ ಹೀಗೆ ಕಿವಿಗೆ ಹಿಡಿದು ನೋಡಿರಲಿಲ್ಲ.