ಒಂದು ಕುಕ್ಕರ್, ಎರಡು ಡಬ್ಬಿ ಅನ್ನ

ಅಕ್ಕಿ ತೊಳೆದು ಕುಕ್ಕರ್‌ಗೇ ಸುರಿದು ಬೇಯಿಸುವವರನ್ನು ನೋಡಿದ್ದೇನೆ. ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕುಕ್ಕರ್ ಒಳಗೆ ನೀರಿನಲ್ಲಿ ಕೂರಿಸಿ ಬೇಯಿಸುವವರನ್ನೂ ನೋಡಿದ್ದೇನೆ. ಎರಡನೆಯವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ನನ್ನ ಇಬ್ಬರು ಗಂಡುಮಕ್ಕಳೂ ಅವರ ಹೆಂಡಿರೂ ಸೇರಿ ನನ್ನ ಮಗಳ ಮದುವೆಯ ಮಾತನ್ನು ಅಂಥ ಡಬ್ಬಿಗಳ ಮೇಲೆ ತಂದು ನಿಲ್ಲಿಸಿದ್ದರು.

ನಮ್ಮದು ಪಾಂಡವಪುರದ ಕಡೆಯ ಹಳ್ಳಿ. ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು. ದೊಡ್ಡವನು ಬೇಸಾಯ ನೋಡಿಕೊಂಡಿದ್ದ. ಚಿಕ್ಕವನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಯಜಮಾನರು ತೀರಿಕೊಂಡ ಮೇಲೆ ಇಬ್ಬರೂ ಬೇರೆಯಾಗುತ್ತೇವೆ ಎಂದರು. ಆಗಲಿ ಎಂದೆ. ಬೇರೆಯಾಗುವುದು ತಪ್ಪೆಂದು ನಾನು ಎಂದೂ ಅಂದವಳಲ್ಲ. ಆದರೆ ಆಗುವುದಾದರೆ ನೆಟ್ಟಗೆ ಆಗಬೇಕು. ಇವರಿಗೆ ಅದೂ ಬರಲಿಲ್ಲ.

ಊರಿನ ನಾಲ್ಕು ಜನ ಹಿರಿಯರು ಜಗುಲಿಯ ಮೇಲೆ ಕೂತು ಗದ್ದೆ ಹಂಚಿದರು, ದನ ಹಂಚಿದರು, ಪಾತ್ರೆ ಹಂಚಿದರು. ಕಡೆಗೆ ಗ್ಯಾಸು ಮತ್ತು ಕುಕ್ಕರ್ ಉಳಿದವು. ಗ್ಯಾಸು ದೊಡ್ಡವನ ಹೆಸರಿನಲ್ಲಿತ್ತು. ಆ ಕಾಲದಲ್ಲಿ ಗ್ಯಾಸಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿತ್ತು, ಅವನು ಹೇಗೆ ಬಿಟ್ಟಾನು? ಕುಕ್ಕರ್ ಚಿಕ್ಕ ಸೊಸೆ ನಾಗಮಂಗಲದ ತವರಿನಿಂದ ತಂದದ್ದು. ಅವಳು ಹೇಗೆ ಬಿಟ್ಟಾಳು? ಗ್ಯಾಸಿನವನ ಹತ್ತಿರ ಕುಕ್ಕರ್ ಇಲ್ಲ, ಕುಕ್ಕರ್‌ನವನ ಹತ್ತಿರ ಗ್ಯಾಸು ಇಲ್ಲ. ಹಿರಿಯರಲ್ಲಿ ಒಬ್ಬರು ಬೇಸತ್ತು, "ಕುಕ್ಕರ್ ಅವ್ನಿಗಿರ್ಲಿ, ಅದರ ಕೂಗು ಇವ್ನಿಗಿರ್ಲಿ. ಏಳ್ರಪ್ಪ, ಬೇರೆ ಕೆಲ್ಸ ಅದೆ" ಎಂದು ಟವೆಲು ಕೊಡವಿ ಎದ್ದುಹೋದರು. ಅವರು ತಮಾಷೆಗೆ ಅಂದದ್ದು. ನನ್ನ ಮಕ್ಕಳು ಅದನ್ನೇ ತೀರ್ಮಾನ ಮಾಡಿಕೊಂಡರು.

ಮಾರನೆಯ ದಿನದಿಂದ ಶುರುವಾಯಿತು. ಬೆಳಿಗ್ಗೆ ದೊಡ್ಡ ಸೊಸೆ ಗ್ಯಾಸು ಹಚ್ಚುವುದು, ಚಿಕ್ಕ ಸೊಸೆ ಕುಕ್ಕರ್ ತಂದು ಇಡುವುದು. ಒಳಗೆ ಒಂದರ ಮೇಲೊಂದು ಎರಡು ಡಬ್ಬಿ, ಇವಳ ಅಕ್ಕಿ ಇವಳ ಡಬ್ಬಿಯಲ್ಲಿ, ಅವಳ ಅಕ್ಕಿ ಅವಳ ಡಬ್ಬಿಯಲ್ಲಿ. ಅದಲುಬದಲಾಗದಂತೆ ದೊಡ್ಡವಳು ತನ್ನ ಡಬ್ಬಿಗೆ ಮೊಳೆಯಲ್ಲಿ ಗೀರು ಹಾಕಿದ್ದಳು, ಚಿಕ್ಕವಳು ಉಗುರಿಗೆ ಹಚ್ಚುವ ಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದಳು. ಮುಚ್ಚಳ ಒಂದು, ಬೆಂಕಿ ಒಂದು, ಕೆಳಗೆ ಕುದಿಯುವ ನೀರು ಒಂದು. ಇವರು ಮಾತ್ರ ಬೇರೆ!

ಗಡಿಗೆ ತುಂಬಾ ನೀರು ಕಾಯಿಸಿ, ಅಕ್ಕಿ ಹಾಕಿ, ಬೆಂದ ಮೇಲೆ ಗಂಜಿ ಬಸಿದು ಎಮ್ಮೆಗೆ ಹುಯ್ದು ಬಾಳಿದವಳು ನಾನು. ಡಬ್ಬಿಯಲ್ಲಿ ಬೆಂದ ಅನ್ನ ಅನ್ನದಂತೆ ಇರುವುದಿಲ್ಲ. ಬೋರಲು ಹಾಕಿದರೆ ಬೆಲ್ಲದಚ್ಚಿನಂತೆ ಗಟ್ಟಿಯಾಗಿ ಬೀಳುತ್ತದೆ. ಅದನ್ನು ಸೌಟಿನಲ್ಲಿ ಕಡಿದು ಬಡಿಸಬೇಕು. ಎಮ್ಮೆಗೆ ಗಂಜಿಯೂ ಇಲ್ಲ. ಅಷ್ಟಕ್ಕೂ ಅವರಿಗೆ ಸಮಾಧಾನವಿತ್ತೇ? ಮೇಲಿನ ಡಬ್ಬಿಯ ನೊರೆ ಉಕ್ಕಿ ಕೆಳಗಿನ ಡಬ್ಬಿಗೆ ಇಳಿಯುತ್ತಿತ್ತು. ಅದಕ್ಕೂ ಜಗಳ.

"ಅಕ್ಕ, ನಿಮ್ ಡಬ್ಬಿ ನೊರೆಯೆಲ್ಲ ನಮ್ ಅನ್ನುಕ್ಕೆ ಬಿದ್ದದೆ ನೋಡಿ. ಅಕ್ಕಿ ತೊಳ್ದು ಆಕಿದ್ರಾ ಇಲ್ವಾ?" ಎಂದು ಚಿಕ್ಕವಳು ಕೇಳುತ್ತಿದ್ದಳು.

ದೊಡ್ಡವಳು ಶ್ರೀರಂಗಪಟ್ಟಣದ ಕಡೆಯವಳು, ಹೊಳೆದಂಡೆಯ ಗದ್ದೆಯವರ ಮಗಳು. ಅವಳಿಗೆ ಸೊಕ್ಕು. "ನಮ್ ಗದ್ದೆ ಅಕ್ಕಿ ಕಣವ್ವ ಅದು. ಅದ್ರ ಕಸುವೆಲ್ಲ ನಿನ್ ಡಬ್ಬಿಗೇ ಇಳೀತಾ ಅದೆ. ಕಳ್ಕಂಡೋಳು ನಾನೇ ಸುಮ್ಕಿವ್ನಿ, ತಿಂದೋಳು ನೀನ್ಯಾಕೆ ಬಡ್ಕತೀಯೆ?"

ಇದನ್ನು ಕೇಳಿ ನಾನು ನಕ್ಕುಬಿಟ್ಟಿದ್ದೆ. ಗಂಡಸರು ನಗಲಿಲ್ಲ. ಇಬ್ಬರೂ ಕೂತು ಮಾತಾಡಿ, ಒಂದು ದಿನ ಇವರದು ಮೇಲೆ, ಒಂದು ದಿನ ಅವರದು ಮೇಲೆ ಎಂದು ಗೊತ್ತುಮಾಡಿದರು. ಮೀಸೆ ಬಂದ ಗಂಡಸು, ಸರ್ಕಾರದ ಸಂಬಳ ತಿನ್ನುವವನು, ಏಳುತ್ತಲೇ ಹೆಂಡತಿಯನ್ನು "ಇವತ್ತು ನಾವು ಮ್ಯಾಲೋ ಕೆಳಗೋ?" ಎಂದು ಕೇಳುತ್ತಿದ್ದ. ಇವನನ್ನು ಹೆತ್ತ ಹೊಟ್ಟೆ ನನ್ನದೇ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ನಾನು ಮತ್ತು ಮದುವೆಯಾಗದೆ ಉಳಿದಿದ್ದ ನನ್ನ ಕಡೆಯ ಮಗಳು ಒಂದು ತಿಂಗಳು ದೊಡ್ಡವನ ಡಬ್ಬಿ, ಒಂದು ತಿಂಗಳು ಚಿಕ್ಕವನ ಡಬ್ಬಿ. ಡಬ್ಬಿ ಚಿಕ್ಕದು. ನಮ್ಮಿಬ್ಬರ ಪಾಲಿಗೆ ಒಂದು ಹಿಡಿ ಜಾಸ್ತಿ ಹಾಕಿದರೆ ಅಕ್ಕಿ ಬೇಯುವುದಿಲ್ಲ ಎಂದು ಸೊಸೆಯರಿಬ್ಬರೂ ಹೇಳುತ್ತಿದ್ದರು. ಅದೊಂದರಲ್ಲಿ ಅವರ ಮಧ್ಯೆ ಭೇದವಿರಲಿಲ್ಲ. ನನ್ನ ಮಗಳಿಗೆ ನನ್ನದೇ ನಾಲಿಗೆ. ಹೊಸ ತಿಂಗಳು ಹುಟ್ಟಿದ ದಿನ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, "ಅವ್ವ, ಇವತ್ತಿಂದ ನಾವು ಗೀರೋ ಕೆಂಪ್ ಚುಕ್ಕೆಯೋ?" ಎಂದು ಇಬ್ಬರು ಅತ್ತಿಗೆಯರಿಗೂ ಕೇಳುವಂತೆ ಕೂಗುತ್ತಿದ್ದಳು.

ಹೀಗಿರುವಾಗ ನಮ್ಮ ದೊಡ್ಡಪ್ಪನ ಮಗ, ವರಸೆಯಲ್ಲಿ ನನಗೆ ತಮ್ಮ, ಅವಳಿಗೊಂದು ಸಂಬಂಧ ತಂದ. ಕೆ.ಆರ್. ಪೇಟೆ ಕಡೆ ಸಿಂಧಘಟ್ಟದವರು. ಹುಡುಗ ಗೊಬ್ಬರದ ಅಂಗಡಿ ಇಟ್ಟಿದ್ದ. ಬಂದು ಹೆಣ್ಣು ನೋಡಿದರು, ಒಪ್ಪಿದರು. ಇನ್ನೊಂದು ದಿನ ಮನೆ ನೋಡಿ ಊಟ ಮಾಡಿ ಹೋಗುತ್ತೇವೆ, ಉಂಡರೆ ಮಾತು ಮುಗಿದಂತೆ ಎಂದರು. ಗಂಡಿನ ತಾಯಿ ಒಂದು ಮಾತು ಹೇಳಿಕಳಿಸಿದ್ದಳು. ಅವರದು ನಾಲ್ಕು ಜನ ಅಣ್ಣತಮ್ಮಂದಿರ ಒಟ್ಟು ಮನೆಯಂತೆ. ಬೇರೆ ಒಲೆ ಕಂಡು ಬೆಳೆದ ಹೆಣ್ಣು ಬಂದರೆ ತಮ್ಮ ಮನೆಯನ್ನೂ ಒಡೆಯುತ್ತಾಳಂತೆ. ಅದಕ್ಕೇ ಒಟ್ಟು ಮನೆಯ ಹೆಣ್ಣೇ ಆಗಬೇಕಂತೆ.

"ಒಟ್ಟಾಗವ್ರೆ ಅಂತ ಏಳ್ಬುಟ್ಟಿವ್ನಿ ಕಣಕ್ಕ" ಎಂದ ನಮ್ಮ ತಮ್ಮ. "ಒಂದಿನ ಒಟ್ಟಾಗಿರೋಕೆ ಏಳು ನಿನ್ ಮಕ್ಳಿಗೆ."

"ಒಂದಿನ ಅಂದ್ರೆ ಇವ್ರಿಗೆ ಬಾಳ ಆಯ್ತು ಕಣ್ಲಾ. ಒಂದೊತ್ತು ಅನ್ನು" ಎಂದೆ.

ಮಗಳನ್ನು ಕೇಳಿದೆ, ನಿನಗೆ ಒಪ್ಪಿಗೆಯಾ ಎಂದು. ಅವಳು ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಉಡುಗ ಚೆಂದಾಗವ್ನೆ ಅಂತಲ್ಲ ಕಣವ್ವ. ಒಂದೇ ಪಾತ್ರೆ ಅನ್ನ ಎಲ್ರೂ ಕೂತ್ಕಂಡು ಉಂಡು ಎಷ್ಟ್ ದಿನ ಆಯ್ತು ಏಳು. ಅಲ್ಲೋದ್ರೆ ಅದಾದ್ರೂ ಸಿಕ್ತದೆ" ಎಂದಳು. ಅವಳು ತಮಾಷೆ ಬಿಟ್ಟು ಮಾತಾಡಿದ್ದು ಅದೇ ಮೊದಲು. ಈ ಸಂಬಂಧ ತಪ್ಪಬಾರದು ಎಂದು ನನಗೂ ಆಗಲೇ ಅನ್ನಿಸಿದ್ದು.

ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಹೇಳಿದೆ: ಒಂದು ಹೊತ್ತು, ಒಂದು ಪಾತ್ರೆ, ಒಂದು ಅಕ್ಕಿ. ಇಬ್ಬರೂ ತಲೆಯಾಡಿಸಿದರು.

ಬೀಗರು ಬರುವ ಬೆಳಿಗ್ಗೆ ಅಟ್ಟದಿಂದ ದೊಡ್ಡ ಗಡಿಗೆ ಇಳಿಸಿ, ಹಿತ್ತಲ ಸೌದೆ ಒಲೆಯಲ್ಲಿ ಅನ್ನ ಬಸಿಯೋಣ ಎಂದೆ. ಚಿಕ್ಕ ಸೊಸೆ ಮೂಗು ಮುರಿದಳು. "ಈಗ ಯಾರತ್ತೆ ಅನ್ನ ಬಸೀತಾರೆ? ಗ್ಯಾಸ್ ಇಲ್ದೋರು ಅಂದ್ಕತಾರೆ." ದೊಡ್ಡವಳೂ ಅವಳ ಜತೆ ಸೇರಿದಳು. ಹಾಗಾದರೆ ಅಕ್ಕಿಯನ್ನು ಕುಕ್ಕರ್‌ಗೇ ಸುರಿಯಿರಿ ಎಂದೆ. "ತಳ ಇಡೀತದೆ ಅತ್ತೆ, ಬೀಗರ ಮುಂದೆ ಸೀದನ್ನ ಇಕ್ಕೋದಾ? ನೀವು ಓಗಿ ಜಮಖಾನ ಆಸಿ" ಎಂದಳು ಚಿಕ್ಕವಳು. ಅಷ್ಟರಲ್ಲಿ ಬಸ್ಸು ಬಂತೆಂದು ಯಾರೋ ಕೂಗಿದರು. ನಾನು ಹೊರಗೆ ಹೋದೆ.

ಒಳಗೆ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ಯಾರ ಅಕ್ಕಿ ಎಂಬ ಮಾತು ಬಂದಿತ್ತು. ಅನ್ನ ಸಣ್ಣಗಿರಲಿ, ನೀನು ಅಂಗಡಿಯಿಂದ ತರಿಸಿದ ಅಕ್ಕಿ ಹಾಕು ಎಂದು ದೊಡ್ಡವಳು. ನಿಮ್ಮ ಮನೆಯಲ್ಲೇ ಮೂಟೆ ಬಿದ್ದಿದೆ, ನೀವೇ ಹಾಕಿ ಎಂದು ಚಿಕ್ಕವಳು. ಬರುವವರು ಇಬ್ಬರಿಗೂ ಬೀಗರಲ್ಲವೇ ಎಂದುಕೊಂಡು, ಕಡೆಗೆ ಇಬ್ಬರೂ ಅರ್ಧರ್ಧ ಹಾಕಿದರು. ಹಾಕಿದವರು ಒಂದೇ ಪಾತ್ರೆಗಾದರೂ ಹಾಕಿದರೇ? ಗೀರಿನ ಡಬ್ಬಿಗೆ ಗದ್ದೆಯ ದಪ್ಪಕ್ಕಿ, ಚುಕ್ಕೆಯ ಡಬ್ಬಿಗೆ ಅಂಗಡಿಯ ಸಣ್ಣಕ್ಕಿ. ದಪ್ಪಕ್ಕಿಗೆ ಕೂಗು ಜಾಸ್ತಿ ಬೇಕು, ಸಣ್ಣಕ್ಕಿಗೆ ಕಮ್ಮಿ ಸಾಕು. ಇಬ್ಬರೂ ನಡುವೆ ಎಲ್ಲೋ ಒಪ್ಪಂದ ಮಾಡಿಕೊಂಡು ಇಳಿಸಿದ್ದರು. ದಪ್ಪದ್ದು ಅರೆಬೆಂದಿತ್ತು, ಸಣ್ಣದ್ದು ಮುದ್ದೆಯಾಗಿತ್ತು.

ಬಂದವರು ನಾಲ್ವರು: ಗಂಡು, ಗಂಡಿನ ತಾಯಿ, ಆಕೆಯ ಅಣ್ಣ, ನಮ್ಮ ತಮ್ಮ. ನಡುಮನೆಯಲ್ಲಿ ಎಲೆ ಹಾಕಿದೆವು. ಪಾಯಸ ಆಯಿತು, ಕೋಸಂಬರಿ ಆಯಿತು. ಅನ್ನಕ್ಕೆ ಸೊಸೆಯರಿಬ್ಬರೂ ಒಂದೊಂದು ಡಬ್ಬಿ ಹಿಡಿದು ಸಾಲಿನ ಎರಡು ತುದಿಯಿಂದ ಶುರುಮಾಡಿದರು. ತಾಯಿಯ ಎಲೆಗೂ ಮಗನ ಎಲೆಗೂ ಕೆಂಪಗೆ ದಪ್ಪ ಅನ್ನ ಬಿತ್ತು. ಪಕ್ಕದ ಅಣ್ಣನ ಎಲೆಗೆ ಬೆಳ್ಳಗೆ ಅಂಟು ಅನ್ನ ಬಿತ್ತು.

ಗಂಡಿನ ತಾಯಿ ಒಂದು ಅಗುಳು ಹಿಚುಕಿ ನೋಡಿ, ಅಣ್ಣನ ಎಲೆ ನೋಡಿ, "ಇದೇನವ್ವ, ನಂಗೊಂದ್ ಅಕ್ಕಿ ನಮ್ಮಣ್ಣಂಗೊಂದ್ ಅಕ್ಕಿ?" ಎಂದು ನಕ್ಕಳು.

"ಮೂಟೆ ಮುಗ್ದೋಯ್ತು ಅಂತ ಇನ್ನೊಂದ್ ಬಿಚ್ಚುದ್ವಿ" ಎಂದಳು ದೊಡ್ಡ ಸೊಸೆ. ಅಷ್ಟಕ್ಕೆ ನಿಂತಿದ್ದರೆ ದಾಟಿಬಿಡುತ್ತಿತ್ತು. ಗಂಡಿನ ತಾಯಿ ಉಣ್ಣತೊಡಗಿದಳು. ಹುಡುಗನೂ ಚೆನ್ನಾಗಿ ಉಂಡ, ಇನ್ನೊಂದಿಷ್ಟು ಅನ್ನ ಕೇಳಿದ. ದೊಡ್ಡವಳ ಡಬ್ಬಿ ಬರಿದಾಗಿತ್ತು. ಚಿಕ್ಕವಳು ಅವನ ಎಲೆಯ ಮುಂದೆಯೇ ನಿಂತಿದ್ದಳು, ಅರ್ಧ ಡಬ್ಬಿ ಅನ್ನ ಕೈಯಲ್ಲಿ ಹಿಡಿದು. ಬಾಗಿ ಒಂದು ಸೌಟು ಹಾಕಿದ್ದರೆ ನನ್ನ ಮಗಳ ಮದುವೆ. ಅಭ್ಯಾಸ ನೋಡಿ. ಅವಳು ಬಾಗಲಿಲ್ಲ. ಓರಗಿತ್ತಿಯ ಕಡೆ ತಿರುಗಿ ಕೇಳಿದಳು:

"ಅಕ್ಕ, ನಿಮ್ದು ಮುಗ್ದೋಯ್ತಾ?"

ಸಾಲಿನಲ್ಲಿದ್ದವರ ಕೈಗಳು ನಿಂತವು.

"ನಿಮ್ದು ಅಂದ್ರೆ ಯಾರ್ದವ್ವ?" ಎಂದಳು ಗಂಡಿನ ತಾಯಿ.

"ಸಾರು ಅಂದ್ಲು" ಎಂದ ದೊಡ್ಡವನು. "ಉಪ್ಪಿನಕಾಯಿ ಅಂದ್ಲು" ಎಂದ ಚಿಕ್ಕವನು. ಸುಳ್ಳನ್ನೂ ಅವರು ಬೇರೆ ಬೇರೆ ಡಬ್ಬಿಯಲ್ಲೇ ಬೇಯಿಸಿದರು. ನಮ್ಮ ತಮ್ಮ ಎಲೆಯೊಳಕ್ಕೆ ತಲೆ ಹಾಕಿಕೊಂಡು ಕೂತ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಬೇರೆ ಆಗವ್ರೆ ಕಣಕ್ಕ" ಎಂದೆ. "ಗ್ಯಾಸ್ ಒಬ್ನುದು, ಕುಕ್ಕರ್ ಒಬ್ನುದು. ಒಳ್ಗೆ ಡಬ್ಬಿ ಬೇರೆ ಬೇರೆ."

ಆಕೆ ಎದ್ದು ಹೋಗಲಿಲ್ಲ. ಎಲೆಯಲ್ಲಿದ್ದ ಅನ್ನವನ್ನು ಒಂದಗುಳೂ ಬಿಡದೆ ಉಂಡಳು. ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದಳು. "ಬೇರೆ ಆದೋರು ಬೇರೆ ಬೇಯ್ಸ್ಕಂಡು ಉಣ್ಬೇಕು. ಒಟ್ಟಾಗಿರೋರು ಒಟ್ಗೆ ಬೇಯ್ಸ್ಕಂಡು ಉಣ್ಬೇಕು. ಎರಡೂ ಅಲ್ದಿರೋದ ನಾನು ಎಲ್ಲೂ ಕಂಡಿಲ್ಲ ಕಣಕ್ಕ. ನಿನ್ ಮಗಳು ಒಳ್ಳೇಳೇ ಇರ್ಬೋದು. ನಂಗೆ ಧೈರ್ಯ ಬರಾಕಿಲ್ಲ." ಆ ಮನೆಗೆ ಅಂದು ಬಂದವರಲ್ಲಿ, ಇದ್ದವರಲ್ಲಿ, ನನಗೆ ಮರ್ಯಾದೆ ಹುಟ್ಟಿದ್ದು ಅವಳೊಬ್ಬಳ ಮೇಲೆ.

ಅವರು ಬಸ್ಸು ಹತ್ತಿದ ಮೇಲೆ ನನ್ನ ಮಕ್ಕಳು ಜಗುಲಿಯಲ್ಲಿ ಕೂತು ವಿಚಾರಣೆ ಮಾಡಿದರು. ನಿಮ್ಮ ದಪ್ಪಕ್ಕಿಯಿಂದ ಕೆಟ್ಟಿತು ಎಂದು ಒಬ್ಬ, ನಿನ್ನ ಹೆಂಡತಿಯ ಬಾಯಿಂದ ಕೆಟ್ಟಿತು ಎಂದು ಒಬ್ಬ. ತಂಗಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು, ಅವಳನ್ನು ಒಬ್ಬನೂ ಹೋಗಿ ಮಾತಾಡಿಸಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಕುಕ್ಕರ್ ಕೂಗಿತು. ಒಳಗೆ ಎರಡು ಡಬ್ಬಿ.

ನಾನು ದೊಡ್ಡ ಗಡಿಗೆ ಎತ್ತಿಕೊಂಡು ಮಗಳನ್ನು ಕರೆದುಕೊಂಡು ಕೊಟ್ಟಿಗೆಯ ಪಕ್ಕದ ಮಾಡಿಗೆ ಹೋದೆ. ಮೂರು ಕಲ್ಲು ಇಟ್ಟು ಒಲೆ ಮಾಡಿದೆ. ಇಬ್ಬರು ಮಕ್ಕಳೂ ಓಡಿ ಬಂದರು.

"ಊರೋರು ಏನಂತಾರವ್ವ?"

"ಏನಾದ್ರೂ ಅನ್ಲಿ. ಅವ್ವಂಗೆ ಅಂತ ಡಬ್ಬಿಗೆ ಆಕ್ತಿದ್ರಲ್ಲ, ಆ ಅಕ್ಕೀನ ತಂದ್ ಸುರೀರ್ಲಾ ಇಲ್ಲಿ" ಎಂದೆ. ತಂದು ಸುರಿದರು. ಎಮ್ಮೆಗೆ ಮತ್ತೆ ಗಂಜಿ ಸಿಕ್ಕಿತು.

ಮುಂದಿನ ಸುಗ್ಗಿಯ ಹೊತ್ತಿಗೆ ನಮ್ಮ ತಮ್ಮ ದೇವಲಾಪುರದ ಕಡೆಯ ಒಂದು ಮನೆ ತೋರಿಸಿದ. ಈ ಸಲ ಮೊದಲು ನನ್ನ ಮಕ್ಕಳ ಸಂಗತಿ ಹೇಳು, ಆಮೇಲೆ ಹೆಣ್ಣಿನದು ಹೇಳು ಎಂದು ಕಳಿಸಿದೆ. ಬಂದವರಿಗೆ ಒಲೆಯನ್ನೂ ತೋರಿಸಿದೆ, ಕುಕ್ಕರ್‌ನ ಕಥೆಯನ್ನೂ ಹೇಳಿದೆ. ಗಂಡಿನ ತಂದೆ ಕೆಮ್ಮುವಷ್ಟು ನಕ್ಕರು. "ಬೆದ್ದಲು ಸೀಮೆ ಕಣಮ್ಮ ನಮ್ದು. ರಾಗಿ ಉಣ್ಣೋರು. ಅನ್ನ ಮಾಡೋದೇ ಅಬ್ಬಕ್ಕೆ, ಎರಡೆರಡು ಡಬ್ಬಿಗೆ ಎಲ್ಲಿಂದ ತರನ?" ಮಗಳು ಬಾಗಿಲ ಮರೆಯಿಂದ ಅಲ್ಲಿ ಒಲೆ ಎಷ್ಟು ಎಂದು ಕೇಳಿದಳು. ಒಂದು ಎಂದರು. ಮದುವೆಯಾಯಿತು.

ಆ ಮದುವೆಗೆ ಅಣ್ಣಂದಿರಿಬ್ಬರೂ ಕೂಡಿ ತಂಗಿಗೆ ಏನು ತಂದರು ಗೊತ್ತೇ? ಕುಕ್ಕರ್! ಬೇರೆಯಾದ ಮೇಲೆ ಅವರು ಕೂಡಿ ಮಾಡಿದ ಒಂದೇ ಕೆಲಸ ಅದು, ಅದರೊಳಗೂ ಮೂರು ಡಬ್ಬಿ ಕೂತಿದ್ದವು. ಈಗ ಇಬ್ಬರಿಗೂ ಬೇರೆ ಗ್ಯಾಸು, ಬೇರೆ ಕುಕ್ಕರ್ ಆಗಿವೆ. ಗಂಡನಿಗೆ ಮೆತ್ತಗೆ, ಹೆಂಡತಿಗೆ ಉದುರು ಎಂದು ಒಂದೊಂದರೊಳಗೂ ಮತ್ತೆ ಎರಡೆರಡು ಡಬ್ಬಿ ಇಡುತ್ತಾರೆ.

ಮಗಳ ಗಂಟು ಕಟ್ಟುವಾಗ ನಾನು ಕುಕ್ಕರ್ ಕಳಿಸಿದೆ, ಡಬ್ಬಿಗಳನ್ನು ತೆಗೆದಿಟ್ಟುಕೊಂಡೆ. ಅವಳು ಬಂದಾಗ ಹೇಳುತ್ತಾಳೆ: ಅಕ್ಕಿ ಕುಕ್ಕರ್‌ಗೇ ಸುರಿಯುತ್ತೇನೆ, ತಳ ಹಿಡಿದರೆ ಅತ್ತೆ ಬಯ್ಯುತ್ತಾರೆ, ಆಮೇಲೆ ಆ ಸೀಕಲನ್ನು ಅವರೇ ಕೆರೆದು ತಿನ್ನುತ್ತಾರೆ. ಡಬ್ಬಿಗಳು ನನ್ನ ಮಾಡಿನ ಹೊರಗಿವೆ. ಒಂದರಲ್ಲಿ ಕೋಳಿಗಳಿಗೆ ನೀರಿಡುತ್ತೇನೆ. ಮಿಕ್ಕ ಎರಡಕ್ಕೆ ಇನ್ನೂ ಏನೂ ಕೆಲಸ ತೋಚಿಲ್ಲ.